ಎರಡೂ ಕೈಯಲ್ಲಿ

ಹಿಂಬಾಗಿಲಿನ ಬೀಗಕ್ಕೆ ಕೀಲಿ ತೂರಿಸಿ ಇನ್ನೂ ತಿರುಗಿಸಿರಲಿಲ್ಲ, ಬೀಗದಕ್ಕನಿಗೆ ಮುಂಬಾಗಿಲಿನ ಜನ ಕೇಳಿಸಿದರು. ಮಾತಲ್ಲ, ಮಾತಾಡುವ ಜನಕ್ಕೆ ಅವಳೇನೂ ಹೆದರುವವಳಲ್ಲ. ಕೇಳಿಸಿದ್ದು ನೆಲಕ್ಕೆ ಚಪ್ಪಲಿ ಉಜ್ಜುವ ಸದ್ದು, ಒಬ್ಬರು ಬಿಟ್ಟ ಕೆಮ್ಮನ್ನು ಇನ್ನೊಬ್ಬರು ಎತ್ತಿಕೊಳ್ಳುವ ಸದ್ದು, ಮಡಿಸಿ ಹಿಡಿದ ಪ್ಲಾಸ್ಟಿಕ್ ಚೀಲಗಳು ಬೆರಳುಗಳ ನಡುವೆ ಸರಸರ ಅನ್ನುವ ಸದ್ದು. ಆ ಸರಸರವೇ ಅವಳಿಗೆ ಆಗದು. ಗೋಡೆಯೊಳಗೆ ಏನೋ ಹರಿದಾಡಿದ ಹಾಗೆ ಇರುತ್ತದೆ. ಕೀಲಿ ತಿರುಗಿಸದೆ ಹೀಗೇ ನಿಂತುಬಿಟ್ಟರೆ ಇವತ್ತು ಎಂಬುದು ಶುರುವಾಗುವುದೇ ಇಲ್ಲವೇನೋ ಎಂದುಕೊಂಡಳು. ಕೈ ಮಾತ್ರ ತನ್ನ ಪಾಡಿಗೆ ತಾನು ತಿರುಗಿಸಿತು. ಅದಕ್ಕೆ ಅಭ್ಯಾಸ. ನಾಳೆಯಿಂದ ವರ್ಷದ ಕೊನೆಯ ರಜೆ. ಉಗ್ರಾಣಕ್ಕೂ ರಜೆ, ಉಗ್ರಾಣಕ್ಕೆ ಸಾಮಾನು ಕಳಿಸುವ ದೊಡ್ಡ ಗೋದಾಮಿಗೂ ರಜೆ, ಹೊಟ್ಟೆಯೊಂದಕ್ಕೇ ಸರ್ಕಾರ ರಜೆ ಕೊಟ್ಟಿಲ್ಲ ಎಂದು ತೂಕದ ಮೇಷ್ಟ್ರು ವಾರದಿಂದ ಹೇಳಿ ಹೇಳಿ ತಾವೇ ನಗುತ್ತಿದ್ದರು. ಇವತ್ತು ಅವರೂ ನಗುವ ಹಾಗಿರಲಿಲ್ಲ. ನಿನ್ನೆ ಬರಬೇಕಾಗಿದ್ದ ವ್ಯಾನು ಬಂದಿರಲಿಲ್ಲ.

ಉಗ್ರಾಣ ಅಂದರೆ ಹಿಂದೆ ಮೇಜು ಕುರ್ಚಿ ಮಾರುತ್ತಿದ್ದ ಅಂಗಡಿ. ಅಂಗಡಿ ಮುಳುಗಿತು, ಗಾಜು ಉಳಿಯಿತು. ಬೀದಿಯ ಕಡೆಗೆ ನೆಲದಿಂದ ಸೂರಿನವರೆಗೆ ಬರೀ ಗಾಜು. ಇಲ್ಲದ ಮನೆಯವರು ಬಂದು ಸಾಲು ನಿಂತರೆ ಅಕ್ಕಿ, ಬೇಳೆ, ಎಣ್ಣೆ, ಬೇಯಿಸಿದ ಕಾಳಿನ ಡಬ್ಬಿ, ಹಾಲಿನ ಪುಡಿ, ಇದ್ದದ್ದರಲ್ಲಿ ಒಂದು ಚೀಲ ಕಟ್ಟಿ ಕೊಡುವ ಜಾಗ. ಕೊಡುವವರು ಒಳಗೆ, ತೆಗೆದುಕೊಳ್ಳುವವರು ಹೊರಗೆ, ನಡುವೆ ಈ ಗಾಜು. ಒಳಗಿನ ಕಬ್ಬಿಣದ ಕಪಾಟುಗಳಲ್ಲಿ ಎಷ್ಟಿದೆ ಎಂದು ಸಾಲಿನ ಮೊದಲನೆಯವನಿಗೂ ಕಾಣುತ್ತದೆ, ಬೀದಿ ತಿರುವಿನಲ್ಲಿ ನಿಂತವನಿಗೂ ಕುತ್ತಿಗೆ ಚಾಚಿದರೆ ಕಾಣುತ್ತದೆ. ಹೋದ ವರ್ಷದ ರಜೆಯಲ್ಲಿ ಹಾಗೆ ಕುತ್ತಿಗೆ ಚಾಚಿದ ಒಬ್ಬ ಮುದುಕಿ, ಅಯ್ಯೋ ಖಾಲಿಯಾಯ್ತು ಕಣ್ರೋ, ಎಂದಿದ್ದಳು. ಅಷ್ಟೇ ಅಂದದ್ದು. ಆಮೇಲೆ ಜನ ಜನವಾಗಿ ಉಳಿಯಲಿಲ್ಲ. ಒಂದೇ ಮೈಯಾಗಿ ಬಂದು ಗಾಜಿಗೆ ಒತ್ತಿಕೊಂಡಿತು. ಬೀದಿಯ ಉಸಿರಿಗೆ ಗಾಜು ಮಂಜಾಗಿ, ಆ ಮಂಜಿನಲ್ಲಿ ಒಂದು ಸಣ್ಣ ಅಂಗೈ ಅಂಟಿಕೊಂಡು, ಹಿಂದಿನ ಭಾರಕ್ಕೆ ಅದರ ಬೆರಳುಗಳು ಬಿಳಿಚಿಕೊಂಡು ಅಗಲವಾದದ್ದನ್ನು ಬೀಗದಕ್ಕ ಒಳಗಿನಿಂದ ನೋಡಿದ್ದಳು. ಮಗು ಬದುಕಿತು, ಗಾಜಿನ ಮೂಲೆ ಬಿರುಕು ಬಿಟ್ಟಿತು. ಬಿರುಕಿಗೆ ಮೇಷ್ಟ್ರು ಅಂಟುಪಟ್ಟಿ ಹಚ್ಚಿದರು. ಅವಳು ತನ್ನ ಮನಸ್ಸಿಗೆ ತಾನೇ ಏನೋ ಹಚ್ಚಿಕೊಂಡಳು.

ಅವತ್ತಿನಿಂದ ಕಪಾಟು ಯಾವತ್ತೂ ಖಾಲಿ ಕಾಣಬಾರದು ಎಂಬುದು ಅವಳ ಕಟ್ಟಳೆ. ಗಾಜಿನ ಕಡೆಗೆ ಡಬ್ಬಿಗಳದು ಒಂದೇ ಒಂದು ಸಾಲು, ಚಿತ್ರವಿರುವ ಮುಖ ಹೊರಗೆ. ಅದರ ಬೆನ್ನಿಗೆ ಮತ್ತು ಮೇಲಿನ ಹಲಗೆಗಳ ಮೇಲೆ ಖಾಲಿ ರಟ್ಟಿನ ಪೆಟ್ಟಿಗೆಗಳು, ಬಾಯಿಗೆ ಹೊಸ ಅಂಟುಪಟ್ಟಿ, ಯಾರೂ ಒಡೆದೇ ಇಲ್ಲ ಎನ್ನುವ ಹಾಗೆ. ಆ ಪೆಟ್ಟಿಗೆಗಳನ್ನು ಸರಿಸುವಾಗಲೂ ಒಂದು ಕ್ರಮವಿತ್ತು. ಎರಡೂ ಕೈ ಹಾಕಬೇಕು, ಮೊಣಕಾಲು ಸ್ವಲ್ಪ ಬಗ್ಗಬೇಕು, ಇಳಿಸಿದ ಮೇಲೆ ಸೊಂಟಕ್ಕೆ ಕೈ ಕೊಟ್ಟು 'ಉಸ್ಸಪ್ಪಾ' ಅನ್ನಬೇಕು. ಮೇಷ್ಟ್ರು ಮೊದಮೊದಲು, "ಏನಕ್ಕಾ, ಈ ವಯಸ್ಸಿನಲ್ಲಿ ನಾಟಕಕ್ಕೆ ಸೇರಿಸಿದೆಯಲ್ಲ ನನ್ನ," ಎಂದು ಗೊಣಗಿದರು. ಆಮೇಲೆ ಅವರ ಉಸ್ಸಪ್ಪಾ ಅವಳದಕ್ಕಿಂತ ಚೆನ್ನಾಗಿ ಬರತೊಡಗಿತು. ಸಂಜೆ ಬೀಗ ಹಾಕಿ ಬೀದಿಗೆ ಬಂದು ಒಮ್ಮೆ ಗಾಜಿನೊಳಗೆ ನೋಡುವಳು. ತುಂಬಿದ ಕಪಾಟು. ಅದರೊಳಗೇನಿಲ್ಲ ಎಂದು ಗೊತ್ತಿದ್ದ ಅವಳಿಗೂ ಒಂದು ಕ್ಷಣ ಹೊಟ್ಟೆ ತಣ್ಣಗಾಗುತ್ತಿತ್ತು.

"ಹಲೋ. ಹಲೋ! ಎಲ್ಲಿದೀಯಪ್ಪಾ ಮಹಾರಾಯ?" ಮೇಷ್ಟ್ರು ತಕ್ಕಡಿಯ ಪಕ್ಕ ಫೋನು ಇಟ್ಟು, ಇಬ್ಬರಿಗೂ ಕೇಳುವ ಹಾಗೆ ಜೋರು ಮಾಡಿದ್ದರು. ಆ ಕಡೆ ವ್ಯಾನಿನವನು. ಅವನ ದನಿಯ ಹಿಂದೆ ಚಿಕ್ಕ ಮಕ್ಕಳ ಗಲಾಟೆ.

"ಮನೇಲಿದೀನಿ ಮೇಷ್ಟ್ರೇ. ರಜೆ ಅಲ್ವಾ."

"ರಜೆ ನಾಳೆಯಿಂದ ಕಣಯ್ಯಾ. ನಮ್ಮ ಸಾಮಾನೆಲ್ಲಿ?"

"ಇಳಿಸಿಯಾಯ್ತಲ್ಲ."

"ಎಲ್ಲಿಗೆ? ನಿಮ್ಮ ಮಾವನ ಮನೆಗಾ?"

"ಹೊಳೆಯಾಚೆ ಉಗ್ರಾಣಕ್ಕೆ. ರಜೆ ಮುಂಚೆ ಮುಗಿಸಿಬಿಡೋಣ ಅಂತ ಮೊನ್ನೆ ಸಂಜೆನೇ ತಂದೆ ಮೇಷ್ಟ್ರೇ. ನೀವು ಬೀಗ ಹಾಕ್ಕೊಂಡು ಹೋಗಿದ್ರಿ. ಗಾಜಿನಲ್ಲಿ ಇಣುಕಿದೆ. ನಿಮ್ಮ ಕಪಾಟು ಸೂರು ಮುಟ್ತಾ ಇತ್ತು. ಅತ್ತ ಹೊಳೆಯಾಚೆಯವರು ಬಾಯಿ ಬಾಯಿ ಬಡ್ಕೊಳ್ತಾ ಇದ್ರು. ಇದ್ದೋರಿಗೆ ಹಾಕೋ ಬದಲು ಇಲ್ಲದೋರಿಗೆ ಹಾಕೋಣ ಅಂತ... ತಪ್ಪಾಯ್ತಾ?"

"ಸೂರು ಮುಟ್ತಾ ಇತ್ತಾ? ಕಣ್ಣಿಗೆ ಪೊರೆ ಬಂದಿದೆಯೇನೋ ನಿನಗೆ!"

"ನಾನೇ ಕಣ್ಣಾರೆ ನೋಡಿದೀನಿ ಮೇಷ್ಟ್ರೇ. ಬೀಗದಕ್ಕನ್ನ ಕೇಳಿ ಬೇಕಾದ್ರೆ."

ಮೇಷ್ಟ್ರು ಅವಳನ್ನು ಕೇಳಲಿಲ್ಲ. ಅವಳ ಕಡೆ ನೋಡಲೂ ಇಲ್ಲ. ತಕ್ಕಡಿಯ ಬಟ್ಟಲಲ್ಲಿ ಉಳಿದಿದ್ದ ನಾಲ್ಕಾರು ಬೇಳೆಕಾಳನ್ನು ಬೆರಳ ತುದಿಯಿಂದ ಒತ್ತಿ ಒತ್ತಿ ತೆಗೆದು ಚೀಲಕ್ಕೆ ಹಾಕಿದರು. ನೋಡದೇ ಇದ್ದದ್ದರಿಂದಲೇ ಅವರಿಗೂ ಗೊತ್ತಾಯಿತು ಎಂದು ಅವಳಿಗೆ ಗೊತ್ತಾಯಿತು. ಆದರೂ ಅವರು ಫೋನಿಗೆ ಕೂಗುತ್ತಲೇ ಇದ್ದರು, ಮೇಲಿನವರಿಗೆ ಹೇಳುತ್ತೇನೆ, ನಿನ್ನ ಕೈಯಿಂದ ವ್ಯಾನು ಕಿತ್ತುಕೊಳ್ಳುತ್ತೇನೆ, ಎಂದು. ಒಬ್ಬ ಅಪರಾಧಿ ಸಿಕ್ಕಿದ್ದ. ಅವನು ದೂರದಲ್ಲೂ ಇದ್ದ, ಅನುಕೂಲವಾಗಿತ್ತು. ಅವನ ಹಿಂದೆ ಒಂದು ಮಗು, ಅಪ್ಪಾ ಯಾರು, ಯಾರಪ್ಪಾ, ಎಂದು ಕೇಳುತ್ತಿತ್ತು. ಬೀಗದಕ್ಕ ಫೋನಿನ ಹತ್ತಿರ ಬಾಗಿದಳು. ನೀನು ನೋಡಿದ್ದು ಬರೀ ರಟ್ಟು ಕಣಪ್ಪಾ, ಎನ್ನಬೇಕು. ನಾಲಿಗೆಯ ಮೇಲೆ ಬಂದು ನಿಂತಿತ್ತು. "ಇರ್ಲಿ ಬಿಡಪ್ಪಾ, ಹುಷಾರಾಗಿ ಓಡ್ಸು," ಎಂದಳು. ಮನೆಯಲ್ಲಿ ಕೂತವನಿಗೆ ಹುಷಾರಾಗಿ ಓಡಿಸು ಅಂದೆನಲ್ಲ ಎಂದು ಆಮೇಲೆ ನಾಚಿಕೆಯಾಯಿತು. ಅದಕ್ಕಿಂತ ದೊಡ್ಡ ನಾಚಿಕೆಯನ್ನು ಈ ಸಣ್ಣದು ಒಂದಿಷ್ಟು ಹೊತ್ತು ಮುಚ್ಚಿಟ್ಟಿತು.

ಹೊಳೆಯಾಚೆಗೆ ಫೋನು ಮಾಡಿದರು. ಅವರು ಅದೇ ರಾತ್ರಿ ಹಂಚಿ ಮುಗಿಸಿ ಬಾಗಿಲು ಹಾಕಿದ್ದರು. ಗೋದಾಮಿನಲ್ಲಿ ಯಾರೂ ಎತ್ತಲಿಲ್ಲ. ಉಳಿದಿದ್ದು ಒಂದು ಮೂಟೆಯಲ್ಲಿ ಅರ್ಧ ಅಕ್ಕಿ, ತಳಕ್ಕೆ ಅಂಟಿದ ಬೇಳೆ, ಮತ್ತೆ ಗಾಜಿನ ಕಡೆಯ ಆ ಒಂದು ಸಾಲು. ಹೊರಗೆ ಸಾಲು ಬೀದಿಯ ತಿರುವು ದಾಟಿ ಹೋಗಿತ್ತು. ಅದರ ಕೊನೆ ಎಲ್ಲಿದೆ ಎಂದು ಒಳಗಿನಿಂದ ಕಾಣುತ್ತಿರಲಿಲ್ಲ. ಎದುರಂಗಡಿಯವನು ರಜೆಗೆಂದು ಕಟ್ಟಿದ ಬಣ್ಣದ ಬಲ್ಬುಗಳು ಹಗಲಲ್ಲೂ ಹತ್ತಿ ಆರುತ್ತಿದ್ದವು. ಜನರ ಮುಖ ಒಮ್ಮೆ ಕೆಂಪಾಗುತ್ತಿತ್ತು, ಒಮ್ಮೆ ಏನೂ ಆಗುತ್ತಿರಲಿಲ್ಲ.

"ಬಾಗಿಲು ತೆಗೆಯೋದಾ ಬೇಡವಾ?" ಮೇಷ್ಟ್ರು ಕೇಳಿದರು.

"ತೆಗೆಯದೇ ಇದ್ರೆ?"

"ಮುಗೀತು ಅಂತ ಹೇಳಿ ಕಳಿಸೋದು."

"ಈ ಕಪಾಟು ಇಟ್ಕೊಂಡು ಮುಗೀತು ಅಂತ ಹೇಳೋದಾ ಮೇಷ್ಟ್ರೇ? ಗಾಜು ಒಡೆದು ಒಳಗೆ ಬರ್ತಾರೆ."

"ಹಾಗಾದ್ರೆ ಕಪಾಟು ಬಿಚ್ಚಿ ತೋರ್ಸು."

"ಆಗ್ಲೂ ಬರ್ತಾರೆ," ಎಂದಳು. ದನಿ ಅವಳದೇ ಅನ್ನಿಸಲಿಲ್ಲ.

ಅಮ್ಮನ ಅಡುಗೆಮನೆಯ ಹಲಗೆಯ ಮೇಲೂ ಡಬ್ಬಗಳಿದ್ದವು. ತಗಡಿನವು, ಬೂದಿ ಹಾಕಿ ಉಜ್ಜಿ ಉಜ್ಜಿ ಮುಖ ಕಾಣುವಷ್ಟು ಬೆಳಗಿದವು. ಅಪ್ಪ ಬಡಗಿ. ಕೆಲಸವಿದ್ದ ದಿನ ಮನೆ ತುಂಬ ಹೊಸ ಮರದ ವಾಸನೆ, ಇಲ್ಲದ ದಿನ ಅಪ್ಪನ ವಾಸನೆ. ಡಬ್ಬಗಳನ್ನು ಬೆರಳಲ್ಲಿ ಬಡಿದರೆ ಟಣ್ ಅನ್ನುತ್ತಿರಲಿಲ್ಲ, ದಬ್ ಅನ್ನುತ್ತಿದ್ದವು, ತುಂಬಿದ ಹಾಗೆ. ಆ ದಬ್ ಅನ್ನುವ ಸದ್ದನ್ನು ಕೇಳಿಕೊಂಡೇ ಎಷ್ಟೋ ರಾತ್ರಿ ಅವಳು ಬರೀ ನೀರು ಕುಡಿದು ಮಲಗಿದ್ದಾಳೆ. ಇವತ್ತಿಲ್ಲ, ಆದರೆ ಅಲ್ಲಿದೆ, ಎಂದು. ಒಂದು ಮಧ್ಯಾಹ್ನ ಅಮ್ಮ ಹೊರಗೆ ಹೋದಾಗ ಮಣೆಯ ಮೇಲೆ ಮಣೆ ಇಟ್ಟು ಹತ್ತಿ ಒಂದು ಡಬ್ಬದ ಮುಚ್ಚಳ ತೆಗೆದಳು. ಕೈ ಹಾಕಿ, ನೋಡದೆ, ಒಂದು ಹಿಡಿ ಬಾಯಿಗೆ ತುಂಬಿಕೊಂಡಳು. ಮರದ ಹೊಟ್ಟು. ನಾಲಿಗೆಯ ತೇವವನ್ನೆಲ್ಲ ಅದು ಹೀರಿಕೊಂಡಿತು. ಉಗುಳಲೂ ಆಗದೆ ನುಂಗಲೂ ಆಗದೆ ನಿಂತಳು. ಸಿಟ್ಟು ಬರಲಿಲ್ಲ. ಎಲ್ಲ ಡಬ್ಬದಲ್ಲೂ ಅದೇ ಇದ್ದರೆ ಎಂದು ಹೆದರಿ ಇನ್ನೊಂದನ್ನು ತೆರೆಯಲಿಲ್ಲ. ಅಮ್ಮನಿಗೂ ಹೇಳಲಿಲ್ಲ. ಒಮ್ಮೆ ಸೋದರಮಾವ ಸೈಕಲ್ಲಿನಲ್ಲಿ ಬಂದವನು ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಹಲಗೆಯನ್ನು ನೋಡಿದ, ಕೈಗೆ ಸಿಕ್ಕಿದ ಡಬ್ಬವನ್ನು ಬಡಿದ. ದಬ್. "ಪರವಾಗಿಲ್ಲ ಕಣೇ, ಚೆನ್ನಾಗೇ ಇದೀರಿ," ಎಂದು ತಂಗಿಯ ಬೆನ್ನು ತಟ್ಟಿ ಹೊರಟ. ಸೈಕಲ್ಲಿನ ಹಿಂದೆ ಒಂದು ಮೂಟೆ ಕಟ್ಟಿತ್ತು. ಅದು ತಮಗೇ ಅಂತ ತಂದದ್ದೋ, ಬೇರೆಲ್ಲಿಗೋ ಒಯ್ಯುತ್ತಿದ್ದದ್ದೋ, ಇವತ್ತಿಗೂ ಅವಳಿಗೆ ಗೊತ್ತಿಲ್ಲ. ಅಮ್ಮ ಬಾಗಿಲಲ್ಲಿ ನಿಂತು ಆ ಮೂಟೆ ತಿರುವಿನಲ್ಲಿ ಮರೆಯಾಗುವ ತನಕ ನಗುತ್ತಲೇ ಇದ್ದಳು.

ಬಾಗಿಲು ತೆಗೆದರು. ಮೊದಲು ಬಂದವರಿಗೆ ಚೀಲ ಚೀಲದ ಹಾಗೇ ಸಿಕ್ಕಿತು. ಆಮೇಲೆ ಅವಳು ಕಣ್ಣಿನಲ್ಲೇ ಮೇಷ್ಟ್ರಿಗೆ ಹೇಳುತ್ತಾ ಹೋದಳು, ಮೇಷ್ಟ್ರು ತಕ್ಕಡಿಯನ್ನು ಬೇಗ ಬೇಗ ಇಳಿಸುತ್ತಾ ಹೋದರು. ಅಕ್ಕಿ ಸೇರಿನಿಂದ ಪಾವಿಗೆ ಬಂತು, ಪಾವಿನಿಂದ ಹಿಡಿಗೆ. ಯಾರೂ ಜಗಳ ಆಡಲಿಲ್ಲ. ಗಾಜಿನೊಳಗೆ ಪೆಟ್ಟಿಗೆಗಳ ಗೋಡೆ ಕಾಣುತ್ತಿತ್ತಲ್ಲ. ಇವತ್ತು ಕಡಿಮೆ ಕೊಟ್ಟರೇನು, ಇದೆ, ಎಂಬ ಧೈರ್ಯ. "ಶಾಲೆ ಇದ್ದಾಗ ಮಧ್ಯಾಹ್ನದ ಒಂದು ಹೊತ್ತು ಅಲ್ಲೇ ಕಳೀತಿತ್ತಕ್ಕಾ," ಎಂದಳು ಒಬ್ಬ ತಾಯಿ, "ಈಗ ಮೂರು ಹೊತ್ತೂ ನನ್ನ ಮುಖಾನೇ ನೋಡ್ತವೆ. ಯಾಕಾದ್ರೂ ರಜೆ ಕೊಡ್ತಾರೋ." ಬಾಗಿಲಿನಿಂದ ಸ್ವಲ್ಪ ಹಿಂದೆ, ಸಮವಸ್ತ್ರದ ಅಂಗಿಯನ್ನೇ ತೊಟ್ಟು ಬಂದಿದ್ದ ಬಸ್ಸಿನ ಕಂಡಕ್ಟರು ಎಲ್ಲರನ್ನೂ ನಗಿಸುತ್ತಿದ್ದ. "ಮುಂದೆ ನಡೀರಿ, ಮುಂದೆ ನಡೀರಿ, ಒಳಗೆ ಜಾಗ ಬೇಕಾದಷ್ಟಿದೆ!" ಜನ ನಕ್ಕರು. ಆ ನಗುವಿಗೆ ಬೀಗದಕ್ಕನ ಬೆನ್ನಿನ ಮೇಲೆ ಬೆವರು ಒಂದು ಗೆರೆ ಎಳೆದುಕೊಂಡು ಇಳಿಯಿತು. ಕಪಾಟಿನಿಂದ ಒಂದೊಂದು ಡಬ್ಬಿ ತೆಗೆದಾಗಲೂ ಆ ತೆರವಿನ ಹಿಂದಿನಿಂದ ಪೆಟ್ಟಿಗೆಯನ್ನು ಮುಂದಕ್ಕೆ ಎಳೆದಳು, ಎರಡೂ ಕೈಯಲ್ಲಿ. ಇಷ್ಟಾದರೂ ಕೈ ಆ ಕ್ರಮವನ್ನು ಬಿಡಲಿಲ್ಲ. ಮೇಷ್ಟ್ರು ಮೂಟೆಯನ್ನು ಮಗುಚಿ ಕೊಡವಿದರು.

ಆಗ ಅವಳು ನಾದಿನಿಯನ್ನು ಕಂಡಳು. ಕಂಡಕ್ಟರನ ಮುಂದೆ, ತಲೆಯ ಮೇಲೆ ಸೆರಗೆಳೆದುಕೊಂಡು, ಸಾಲಿಗೂ ತನಗೂ ಸಂಬಂಧವಿಲ್ಲದವಳ ಹಾಗೆ ಎದುರಂಗಡಿಯ ಬಲ್ಬುಗಳನ್ನು ನೋಡುತ್ತಾ ನಿಂತಿದ್ದಳು. ಗಂಡನ ತಂಗಿ. ಗಂಡ ತೀರಿಕೊಂಡ ಹೊಸದರಲ್ಲಿ ಬೀಗದಕ್ಕ ಅವಳ ಮನೆಗೆ ಊಟಕ್ಕೆ ಹೋಗುತ್ತಿದ್ದಳು. ಹೋಗುತ್ತಿದ್ದಳು ಅಂದರೆ, ಊಟದ ಹೊತ್ತಿಗೆ ಏನೋ ನೆಪ ಹುಡುಕಿಕೊಂಡು ಹೋಗುತ್ತಿದ್ದಳು. ನಾದಿನಿ ಬಡಿಸುತ್ತಿದ್ದಳು. ಒಂದು ಸಲ ಹಾಕಿ ಸೌಟನ್ನು ಪಾತ್ರೆಗೆ ವಾಪಸು ಇಟ್ಟು ಆಮೇಲೆ, "ಸಾಕಾ ಅತ್ತಿಗೆ?" ಅನ್ನುತ್ತಿದ್ದಳು. ಬೇಕಾ ಅಂತ ಒಂದು ದಿನವೂ ಕೇಳಲಿಲ್ಲ. "ಸಾಕು ಸಾಕು, ಹೊಟ್ಟೆ ಭಾರ ಆಯ್ತು," ಎಂದು ಏಳುತ್ತಿದ್ದಳು ಅವಳು. ಆ ಸೌಟು ಪಾತ್ರೆಯ ಅಂಚಿಗೆ ತಾಗುವ ಸದ್ದು ವರ್ಷಗಟ್ಟಲೆ ಕಿವಿಯಲ್ಲಿತ್ತು. ಇವಳೂ ಒಂದು ದಿನ ನನ್ನ ಬಾಗಿಲಿಗೆ ಬರಲಿ ಎಂದು ಎಂದಾದರೂ ಅಂದುಕೊಂಡಿದ್ದೆನೇ? ಅಂದುಕೊಂಡಿದ್ದೆ. ಬಂದಳಲ್ಲ. ಬರೋ ಹೊತ್ತಿಗೆ ಕಪಾಟಿನಲ್ಲಿ ಉಳಿದ ಕೊನೆಯ ಡಬ್ಬಿ, ಮುಂದಿದ್ದ ಮುದುಕನ ಚೀಲಕ್ಕೆ ಇಳಿಯುತ್ತಿತ್ತು.

"ನಾನು ಸುಮ್ನೆ ಈ ಕಡೆ ಬಂದಿದ್ದೆ ಅತ್ತಿಗೆ," ಎಂದಳು ನಾದಿನಿ, ಬಾಗಿಲಿಗೆ ಬಂದು. "ಜನ ಕಂಡ್ರು, ನಿಂತೆ."

"ಮಕ್ಕಳು?"

"ಅವಕ್ಕೇನು, ರಜೆ."

"ಅವರು?"

"ಅವರಿಗೂ ರಜೆ." ಸೆರಗನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡು, "ಕಾರ್ಖಾನೆ ಬಾಗಿಲು ಹಾಕಿ ಎಷ್ಟು ದಿನವಾಯ್ತೋ. ತಿರುವಿನಲ್ಲಿ ನಿಂತಿದ್ದಾರೆ, ಮಕ್ಕಳ ಜೊತೆ. ಸಾಲಿಗೆ ಬರೋಕೆ ಅವರಿಗೆ ಆಗಲ್ಲ ಅತ್ತಿಗೆ. ಮರ್ಯಾದಸ್ಥರು, ನಿಮಗೆ ಗೊತ್ತಲ್ಲ," ಎಂದು ನಗಲು ನೋಡಿದಳು. ಚೀಲ ಬಿಡಿಸಿ ಬಾಯಿ ಅಗಲಿಸಿ ಹಿಡಿದಳು. ಬಟ್ಟೆಯ ಚೀಲ, ಅಂಚಿಗೆ ಅಂದವಾಗಿ ಹೊಲಿಗೆ ಹಾಕಿದ್ದು. ಅದರೊಳಗೆ ನೋಡಿ ಬೀಗದಕ್ಕನಿಗೆ ಬಾಯಿ ಒಣಗಿತು. ನಾಲಿಗೆಯ ತೇವವನ್ನೆಲ್ಲ ಯಾವುದೋ ಹೀರಿಕೊಂಡಿತು.

"ಮುಗೀತು ಕಣಮ್ಮಾ," ಎಂದಳು, ಪಿಸುದನಿಯಲ್ಲಿ.

ನಾದಿನಿ ಅವಳ ಹೆಗಲಿನಾಚೆ ನೋಡಿದಳು. ಸೂರಿನವರೆಗೆ ಪೆಟ್ಟಿಗೆ. ಆ ಕಣ್ಣು ಒಂದೊಂದೇ ಹಲಗೆ ಹತ್ತಿ ಮೇಲೆ ಹೋಗಿ, ಇಳಿದು, ಅವಳ ಮುಖಕ್ಕೆ ಬಂದು ನಿಂತಿತು. "ಅಲ್ಲಿದೆಯಲ್ಲ ಅತ್ತಿಗೆ."

"ಅದು..."

"ಕೊಡೋಕೆ ಮನಸ್ಸಿಲ್ಲ ಅಂದ್ರೆ ಹಾಗೇ ಹೇಳಿ. ನಾನು ಅವತ್ತು ಮಾಡಿದ್ದು ನಿಮ್ಮ ನೆನಪಿನಲ್ಲಿರತ್ತೆ. ನನಗೂ ಇದೆ. ಆದ್ರೆ ಮಕ್ಕಳದ್ದೇನು ತಪ್ಪು?"

ಹಾಗಲ್ಲ, ಹಾಗಲ್ಲವೇ ಅಲ್ಲ. ಬಾಯಲ್ಲಿ ಹೇಳಿದರೆ ಇವಳು ನಂಬುವುದಿಲ್ಲ. ಇಷ್ಟು ಅಂದವಾಗಿ ಜೋಡಿಸಿದ ಸುಳ್ಳಿನ ಮುಂದೆ ಯಾರ ಮಾತು ತಾನೇ ನಿಂತೀತು? ಬೀಗದಕ್ಕ ತಿರುಗಿ ಒಂದು ಪೆಟ್ಟಿಗೆ ತೆಗೆದಳು, ಎರಡೂ ಕೈಯಲ್ಲಿ, ಮೊಣಕಾಲು ಬಗ್ಗಿಸಿ. ಅದು ತನ್ನಷ್ಟಕ್ಕೆ ಬಂತು. ತಂದು ನಾದಿನಿಯ ಚಾಚಿದ ತೋಳುಗಳ ಮೇಲೆ ಇಟ್ಟಳು. ಭಾರಕ್ಕೆ ಸಿದ್ಧವಾಗಿದ್ದ ತೋಳುಗಳು ಪೆಟ್ಟಿಗೆಯ ಸಮೇತ ಮೇಲಕ್ಕೆ ಹಾರಿದವು. ಒಂದು ಗಳಿಗೆ ಇಬ್ಬರ ಮುಖದ ನಡುವೆ ಆ ರಟ್ಟಷ್ಟೇ ಇತ್ತು. ನಾದಿನಿಯ ಕಣ್ಣು ದೊಡ್ಡದಾಯಿತು. ಪೆಟ್ಟಿಗೆಯನ್ನು ನೋಡಿದಳು, ಕಪಾಟನ್ನು ನೋಡಿದಳು, ಸೂರಿನವರೆಗೂ ನೋಡಿದಳು. ಗೊತ್ತಾಯಿತು. ಇನ್ನು ಕೂಗುತ್ತಾಳೆ, ಎಂದುಕೊಂಡಳು ಬೀಗದಕ್ಕ. ಬಿರುಕು ಬಿಟ್ಟ ಮೂಲೆಯ ಕಡೆ ಅವಳ ಕಣ್ಣು ತಾನಾಗಿ ಹೋಯಿತು.

ನಾದಿನಿ ಕೂಗಲಿಲ್ಲ. ನಿಧಾನವಾಗಿ ತೋಳು ಇಳಿಸಿದಳು. ಬೆನ್ನು ಬಗ್ಗಿಸಿದಳು, ಪೆಟ್ಟಿಗೆಯನ್ನು ಹೊಟ್ಟೆಗೆ ಆನಿಸಿಕೊಂಡಳು. "ಉಸ್ಸಪ್ಪಾ," ಎಂದಳು, ಸಾಲಿಗೆಲ್ಲ ಕೇಳುವ ಹಾಗೆ. "ಎಷ್ಟು ಭಾರ ಮಾಡಿ ಕೊಟ್ರಿ ಅತ್ತಿಗೆ!" ಯಾರೂ ಅವಳಿಗೆ ಅದನ್ನು ಕಲಿಸಿರಲಿಲ್ಲ. ತಿರುಗಿ ಮೆಟ್ಟಿಲಿಳಿದಳು. ಒಂದು ಸೊಂಟದಿಂದ ಇನ್ನೊಂದು ಸೊಂಟಕ್ಕೆ ಪೆಟ್ಟಿಗೆ ಬದಲಿಸುತ್ತಾ, ನಡುವೆ ನಿಂತು ದಮ್ಮು ತೆಗೆದುಕೊಳ್ಳುತ್ತಾ ನಡೆದಳು. ಬಲ್ಬುಗಳು ಅವಳ ಬೆನ್ನನ್ನು ಕೆಂಪು ಮಾಡಿದವು, ಆರಿದವು. ತಿರುವಿನಲ್ಲಿ ಮಕ್ಕಳಿಬ್ಬರು ಓಡಿ ಬಂದು ನಾನು ಹಿಡಿಯುತ್ತೇನೆ, ನಾನು, ಎಂದು ಕೈ ಚಾಚಿದ್ದು ಗಾಜಿನಲ್ಲಿ ಸಣ್ಣದಾಗಿ ಕಂಡಿತು. ಬೇಡ ಬೇಡ, ನಿಮ್ಮ ಕೈಲಾಗಲ್ಲ, ಎನ್ನುವ ಹಾಗೆ ಅವಳು ಪೆಟ್ಟಿಗೆಯನ್ನು ಎತ್ತರಕ್ಕೆ ಹಿಡಿದಳು. ಮನೆ ಮುಟ್ಟುವ ತನಕ ಹಾಗೇ ಹಿಡಿದಿರುತ್ತಾಳೆ. ಆಮೇಲೆ? ಒಲೆಯ ಪಕ್ಕದ ಹಲಗೆಯ ಮೇಲೆ ಇಡುತ್ತಾಳೆ. ಮಕ್ಕಳು ಅದನ್ನು ನೋಡುತ್ತಾ ಮಲಗುತ್ತಾರೆ.

ಸಾಲು ಒಂದು ಹೆಜ್ಜೆ ಮುಂದೆ ಬಂತು. ಇಷ್ಟು ಹೊತ್ತು ಹಿಡಿ ಅಕ್ಕಿ ಸಿಕ್ಕರೆ ಸಾಕೆಂದು ನಿಂತಿದ್ದವರ ಮುಖದಲ್ಲಿ ಬೇರೆಯೇ ಕಳೆ. ಇಡೀ ಪೆಟ್ಟಿಗೆಯೇ ಕೊಡುತ್ತಿದ್ದಾರೆ ಎಂಬ ಮಾತು ಬೀದಿಯ ಉದ್ದಕ್ಕೂ ಬಾಯಿಂದ ಬಾಯಿಗೆ ಓಡಿದ್ದು ಒಳಗೇ ಕೇಳಿಸಿತು. ಅದರ ಬೆನ್ನಿಗೇ ಚೀಲಗಳ ಸರಸರ, ಈಗ ಜೋರಾಗಿ, ಹತ್ತಿರವಾಗಿ. ಹಿಂದಿನವರು ಮುಂದಿನವರ ಬೆನ್ನಿಗೆ ತಾಗಿದರು. ಗಾಜಿನ ಕೆಳಗಡೆ ಮಂಜು ಕಟ್ಟತೊಡಗಿತು. ಮೇಷ್ಟ್ರು ಖಾಲಿ ತಕ್ಕಡಿಯ ಸರಪಳಿಯನ್ನು ಮುಷ್ಟಿಯಲ್ಲಿ ಹಿಡಿದು, "ಅಕ್ಕಾ, ಬಾಗಿಲಿನ ಷಟರ್ ಎಳೆದುಬಿಡ್ತೀನಿ," ಎಂದರು. ಹಲ್ಲಿನ ನಡುವಿನಿಂದ, ತುಟಿ ಅಲ್ಲಾಡಿಸದೆ.

ಕಂಡಕ್ಟರು ಮೆಟ್ಟಿಲು ಹತ್ತಿ ಬಾಗಿಲಿಗೆ ಬಂದ. ಅಂಗಿಯ ಗುಂಡಿಗಳನ್ನೆಲ್ಲ ಹಾಕಿಕೊಂಡಿದ್ದ, ಕತ್ತಿನವರೆಗೆ. ಹತ್ತಿರದಿಂದ ನೋಡಿದರೆ ಅವನ ಕೆನ್ನೆ ಒಳಗೆ ಹೋಗಿತ್ತು. ಎರಡೂ ತೋಳು ಚಾಚಿ ನಿಂತ.

"ನನಗೂ ಅಂಥದ್ದೇ ಒಂದು ಕೊಡಿ ಅಕ್ಕಾ," ಎಂದ. "ಭಾರ ಇದ್ರೂ ಪರವಾಗಿಲ್ಲ, ಹೊರ್ತೀನಿ."

ಬೀಗದಕ್ಕ ಮೇಷ್ಟ್ರ ಕಡೆ ನೋಡಿ, ಬೇಡ ಎಂದು ತಲೆಯಾಡಿಸಿದಳು. ಕಪಾಟಿನ ಹತ್ತಿರ ಹೋದಳು. ಕೈಗಳೆರಡೂ ಎದ್ದವು, ಮೊಣಕಾಲು ತಾನಾಗಿ ಬಗ್ಗಿತು. ಎಡಗೈಯನ್ನು ಹಿಡಿದು ಹಿಂದಕ್ಕೆ ಎಳೆದುಕೊಂಡಳು, ಹಟ ಮಾಡುವ ಮಗುವನ್ನು ಎಳೆದುಕೊಳ್ಳುವ ಹಾಗೆ, ಬೆನ್ನಿನ ಹಿಂದೆ ಅಡಗಿಸಿದಳು. ಎಲ್ಲಕ್ಕಿಂತ ದೊಡ್ಡ ಪೆಟ್ಟಿಗೆಯನ್ನು ಆರಿಸಿದಳು. ಅದರ ಅಂಚನ್ನು ಬಲಗೈಯ ಎರಡು ಬೆರಳಿನಿಂದ ಹಿಡಿದು, ಗಾಜಿನ ಎದುರಿಗೇ ಬಂದು ನಿಂತು, ಬಿರುಕಿನ ಆಚೆ ಒತ್ತಿಕೊಂಡಿದ್ದ ಮುಖಗಳೆಲ್ಲ ನೋಡುವ ಹಾಗೆ, ಒಂದೇ ಕೈಯಲ್ಲಿ, ತಲೆಯ ಮೇಲಕ್ಕೆ ಎತ್ತಿ ಹಿಡಿದಳು. ಪೆಟ್ಟಿಗೆ ಗಾಳಿಗೆ ಒಮ್ಮೆ ತಿರುಗಿತು.

ಹೊರಗೆ ಚೀಲಗಳ ಸರಸರ ನಿಂತಿತು.